ಜೋರಾಗಿ ಕೂಗಿದವರಿಗೇ ಮೊದಲ ಕಂತು: ಸಾಲ ಮತ್ತು ಮನಸ್ಸಿನ ನಡುವಿನ ಲೆಕ್ಕ

ಲೆಕ್ಕಕ್ಕೆಂದು ಬೆಂಗಳೂರಿನ ಹೊರವಲಯದ ಒಂದು ಮನೆಯನ್ನು ತೆಗೆದುಕೊಳ್ಳೋಣ. ಗಂಡ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರ ದುಡಿಮೆ ಸೇರಿ ತಿಂಗಳಿಗೆ 22,000 ರೂಪಾಯಿ. ಮಂಗಳವಾರ ಸೇರುವ ಸಂಘದ ಕಂತು ತಿಂಗಳಿಗೆ 2,583. ಇನ್ನೊಂದು ಸಂಘದ್ದು 2,600. ಬೈಕಿನ ಇಎಂಐ 3,100. ಕ್ರೆಡಿಟ್ ಕಾರ್ಡಿನಲ್ಲಿ 50,000 ಬಾಕಿ, ಅದರ ಕನಿಷ್ಠ ಮೊತ್ತ 2,500. ಇವುಗಳ ಜೊತೆಗೆ ಪರಿಚಯದವರಿಂದ ತಂದ 40,000 ಕೈಸಾಲ, ನೂರಕ್ಕೆ ಮೂರರಂತೆ ಬರೀ ಬಡ್ಡಿಯೇ 1,200. ಎಲ್ಲ ಕೂಡಿದರೆ 11,983. ದುಡಿಮೆಯ ಅರ್ಧಕ್ಕಿಂತ ಹೆಚ್ಚು.

2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಮೈಕ್ರೋಫೈನಾನ್ಸ್ (ಅಡಮಾನವಿಲ್ಲದ ಕಿರುಸಾಲ, ಸಂಘದ ಸಾಲ ಈ ಬಗೆಯದು) ನಿಯಮದ ಪ್ರಕಾರ, ವರ್ಷದ ಆದಾಯ 3 ಲಕ್ಷದವರೆಗಿನ ಕುಟುಂಬಕ್ಕೆ ಇಂಥ ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50ನ್ನು ಮೀರಬಾರದು. ಈ ಮನೆಯ ಮಟ್ಟಿಗೆ ಆ ಗೆರೆ 11,000. ಆದರೆ ಕೈಸಾಲ ಯಾವ ಕ್ರೆಡಿಟ್ ವರದಿಯಲ್ಲೂ ಕಾಣುವುದಿಲ್ಲ. ಅದನ್ನು ಬಿಟ್ಟರೆ ಮೊತ್ತ 10,783. ಕಾಗದದ ಮೇಲೆ ಈ ಕುಟುಂಬ ಸುರಕ್ಷಿತವಾಗಿದೆ. ಮನೆಯೊಳಗೆ ಮಾತ್ರ ತಿಂಗಳ ಹದಿನೈದರ ನಂತರ ಯಾರಿಗೂ ನಿದ್ದೆಯಿಲ್ಲ.

ದುಡ್ಡಿನ ತೊಂದರೆಯನ್ನು ಬ್ಯಾಂಕಿನವರು ಒಂದು ಕಡೆ ನೋಡುತ್ತಾರೆ, ಮನಸ್ಸಿನ ತೊಂದರೆಯನ್ನು ವೈದ್ಯರು ಇನ್ನೊಂದು ಕಡೆ ನೋಡುತ್ತಾರೆ. ಅನುಭವಿಸುವವರಿಗೆ ಮಾತ್ರ ಎರಡೂ ಒಂದೇ ಗಂಟು. ಸಾಲ ಮನಸ್ಸನ್ನು ಕೆಡಿಸುತ್ತದೆ, ಕೆಟ್ಟ ಮನಸ್ಸು ಲೆಕ್ಕವನ್ನು ಕೆಡಿಸುತ್ತದೆ. ಒಂದೇ ತುದಿ ಹಿಡಿದು ಎಳೆದರೆ ಈ ಗಂಟು ಬಿಚ್ಚುವುದಿಲ್ಲ.

ತಲೆ ಓಡದಿರುವುದು ದಡ್ಡತನವಲ್ಲ

2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಮ್ಮೆ, ಕಟಾವಿನ ಹಣ ಬಂದ ಮೇಲೆ ಇನ್ನೊಮ್ಮೆ ಬುದ್ಧಿ ಮತ್ತು ಗಮನದ ಪರೀಕ್ಷೆಗಳನ್ನು ಕೊಟ್ಟಿದ್ದರು. ಒಡವೆ ಗಿರವಿಗೆ ಹೋಗಿ ಕೈ ಖಾಲಿಯಿದ್ದ ದಿನಗಳಲ್ಲಿ ಅವರ ಅಂಕ ಕಡಿಮೆ ಬಂತು, ಹಣ ಬಂದ ಮೇಲೆ ಅದೇ ರೈತರ ಅಂಕ ಏರಿತು. ಮನುಷ್ಯ ಅವನೇ, ತಲೆಯೂ ಅದೇ. ಬಾಕಿಯ ಚಿಂತೆ ಆ ತಲೆಯಲ್ಲಿ ಎಷ್ಟು ಜಾಗ ಹಿಡಿದಿತ್ತು ಎಂಬುದಷ್ಟೇ ಬೇರೆ. ಮಂಡ್ಯ, ಬೆಳಗಾವಿಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಸರಬರಾಜಾದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಿಲ್ಲು ತಡವಾದ ಪ್ರತಿ ವಾರ ರೈತ ಬಡ್ಡಿಯ ಜೊತೆಗೆ ತನ್ನ ನಿರ್ಧಾರ ಮಾಡುವ ಶಕ್ತಿಯನ್ನೂ ಕಳೆದುಕೊಳ್ಳುತ್ತಾನೆ.

ಈ ಸ್ಥಿತಿಯಲ್ಲಿ ಮೊದಲು ಕೈಕೊಡುವುದು ಆದ್ಯತೆಯ ಪ್ರಜ್ಞೆ. ಯಾರು ಜೋರಾಗಿ ಕೂಗುತ್ತಾರೋ, ಯಾರು ಬಾಗಿಲಿಗೆ ಬಂದು ನಿಲ್ಲುತ್ತಾರೋ ಅವರಿಗೆ ಮೊದಲು ದುಡ್ಡು ಹೋಗುತ್ತದೆ. ಸದ್ದಿಲ್ಲದೆ ಬೆಳೆಯುವ ಸಾಲ ಬೆಳೆಯುತ್ತಲೇ ಇರುತ್ತದೆ. ಕ್ರೆಡಿಟ್ ಕಾರ್ಡ್ ಅಂಥದ್ದು.

ಅದರ ಲೆಕ್ಕ ನೋಡಿ. ತಿಂಗಳಿಗೆ ಶೇ 3.5 ಬಡ್ಡಿಯೆಂದರೆ 50,000ಕ್ಕೆ 1,750. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 315. ಒಟ್ಟು 2,065. ಕನಿಷ್ಠ ಮೊತ್ತ ಶೇ 5 ಎಂದುಕೊಂಡರೆ ನೀವು ಕಟ್ಟುವುದು 2,500, ಅಸಲು ಇಳಿಯುವುದು 435. ಹೊಸದಾಗಿ ಒಂದು ರೂಪಾಯಿಯನ್ನೂ ಕಾರ್ಡಿನಲ್ಲಿ ಖರ್ಚು ಮಾಡದೆ, ತಿಂಗಳು ತಪ್ಪದೆ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೂ ಎರಡು ವರ್ಷದಲ್ಲಿ 54,000ಕ್ಕಿಂತ ಹೆಚ್ಚು ಕಟ್ಟಿರುತ್ತೀರಿ, ಇನ್ನೂ ಸುಮಾರು 40,500 ಬಾಕಿ ಇರುತ್ತದೆ. ಅದೇ 50,000ವನ್ನು ಶೇ 18ರ ಬಡ್ಡಿಗೆ 24 ತಿಂಗಳ ಕಂತಾಗಿ ಬದಲಿಸಿಕೊಂಡರೆ ತಿಂಗಳಿಗೆ 2,496, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ಮೊದಲ ತಿಂಗಳು ಸುಮಾರು 2,630. ಹೆಚ್ಚುಕಡಿಮೆ ಅಷ್ಟೇ ಹಣ, ಆದರೆ ಎರಡು ವರ್ಷಕ್ಕೆ ಸಾಲ ಮುಗಿಯುತ್ತದೆ. ಇದಕ್ಕೆ ಬೇಕಾದದ್ದು ಬ್ಯಾಂಕಿಗೆ ಒಂದು ಫೋನ್. ಬ್ಯಾಂಕಿನ ನಂಬರ್ ಕಂಡರೇ ಎದೆ ಧಸಕ್ ಎನ್ನುವವರಿಂದ ಆಗದ ಕೆಲಸ ಆ ಒಂದು ಫೋನ್. ಅಲ್ಲಿಗೆ ಆತಂಕದ ಬೆಲೆ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು ಎಂದಾಯಿತು.

ಬಡ್ಡಿ ಹೇಳುವ ರೀತಿಯೂ ಗೊಂದಲ ಹೆಚ್ಚಿಸುತ್ತದೆ. ಊರಿನಲ್ಲಿ ‘ಮೂರು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ 36. ‘ಐದು ರೂಪಾಯಿ’ ಎಂದರೆ ಶೇ 60. ‘ಫ್ಲಾಟ್ 12’ ಎಂದು ಕೊಟ್ಟ ಸಾಲದಲ್ಲಿ 50,000ಕ್ಕೆ ಎರಡು ವರ್ಷಕ್ಕೆ 12,000 ಬಡ್ಡಿ ಸೇರಿಸಿ 62,000ವನ್ನು 24 ಕಂತು ಮಾಡುತ್ತಾರೆ. ಕಂತು 2,583. ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೆಯೇ ನಿಂತಿರುವುದರಿಂದ, ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು ಶೇ 21.5. ಮೊದಲು ಹೇಳಿದ ಮನೆಯಲ್ಲಿ ಎಲ್ಲರೂ ಹೆದರುವುದು ಈ 2,583 ಕಂತಿನ ಮಂಗಳವಾರದ ಸಂಘಕ್ಕೆ. ಅದಕ್ಕಿಂತ ದುಬಾರಿ ಕೈಸಾಲ, ಅದಕ್ಕಿಂತಲೂ ದುಬಾರಿ ಕಾರ್ಡು. ಹೆದರಿಕೆಯ ಕ್ರಮ ಒಂದು, ಬಡ್ಡಿಯ ಕ್ರಮ ಇನ್ನೊಂದು.

ಒಂದು ಹಾಳೆ, ಏಳು ಅಂಕಣ

‘ಧೈರ್ಯ ತಗೊಳ್ಳಿ’ ಎನ್ನುವುದಕ್ಕಿಂತ ಒಂದು ಹಾಳೆ ಮತ್ತು ಪೆನ್ನು ಕೈಗೆ ಕೊಡುವುದು ಹೆಚ್ಚು ಉಪಕಾರ. ತಲೆಯಲ್ಲಿ ಸುತ್ತುವ ಸಾಲಕ್ಕೆ ಕೊನೆಯಿಲ್ಲ, ಹಾಳೆಗೆ ಇಳಿದ ಸಾಲಕ್ಕೆ ಕೆಳಗೊಂದು ಮೊತ್ತವಿರುತ್ತದೆ. ಮೊತ್ತ ದೊಡ್ಡದಿದ್ದರೂ ಸರಿ, ಇಷ್ಟು ಎಂದು ಗೊತ್ತಾಗುವುದೇ ಮನಸ್ಸಿಗೆ ಮೊದಲ ಬಿಡುವು.

ಇದನ್ನು ರಾತ್ರಿ ಮಾಡಬೇಡಿ. ರಾತ್ರಿ ಹನ್ನೊಂದರ ಲೆಕ್ಕದಲ್ಲಿ ಎಲ್ಲ ಅಂಕಿಯೂ ದೊಡ್ಡದಾಗಿ ಕಾಣುತ್ತದೆ. ತಿಂಡಿ ಆದ ಮೇಲೆ, ನಲವತ್ತು ನಿಮಿಷ, ನಂಬಿಕೆಯ ಇನ್ನೊಬ್ಬರ ಜೊತೆ ಕೂತು ಮಾಡಿ. ಅಂಕಣಗಳು ಇವು: ಯಾರಿಗೆ ಕೊಡಬೇಕು, ಉಳಿದ ಅಸಲು, ವರ್ಷದ ಲೆಕ್ಕದಲ್ಲಿ ಬಡ್ಡಿ, ಕಂತಿನ ತಾರೀಖು, ಅವರ ಕೈಯಲ್ಲಿರುವ ಕಾಗದ (ಖಾಲಿ ಚೆಕ್, ಪ್ರಾಮಿಸರಿ ನೋಟು, ಒಡವೆಯ ರಸೀದಿ, ಆರ್‌ಸಿ), ಕಟ್ಟದಿದ್ದರೆ ಏನು ಕೈಬಿಡುತ್ತದೆ, ಮತ್ತು ಕೊನೆಯದಾಗಿ, ಮನೆಯಲ್ಲಿ ಇದು ಯಾರಿಗೆ ಗೊತ್ತಿದೆ. ಈ ಏಳನೆಯ ಅಂಕಣವನ್ನು ಬಿಡಬೇಡಿ. ‘ಯಾರಿಗೂ ಗೊತ್ತಿಲ್ಲ’ ಎಂದು ಬರೆದ ಸಾಲವೇ ಸಾಮಾನ್ಯವಾಗಿ ನಿದ್ದೆ ಕೆಡಿಸುತ್ತಿರುವ ಸಾಲ, ಮೊತ್ತ ಸಣ್ಣದಿದ್ದರೂ.

ನಿಮ್ಮ ಹೆಸರಿನಲ್ಲಿ ಎಷ್ಟು ಸಾಲವಿದೆ ಎಂಬುದೇ ಮರೆತಿದ್ದರೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ, ಸಾಲದ ದಾಖಲೆ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಕ್ರೆಡಿಟ್ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಆಧಾರ್ ಬಳಸಿ ಬೇರೆಯವರು ತೆಗೆದ ಸಂಘದ ಸಾಲವಿದ್ದರೆ ಅದೂ ಅಲ್ಲಿ ಹೊರಬೀಳುತ್ತದೆ.

ಇನ್ನು ಕಟ್ಟುವ ಕ್ರಮ. ಮೊದಲು ಅಕ್ಕಿಬೇಳೆ, ನಡೆಯುತ್ತಿರುವ ಔಷಧ, ಬಾಡಿಗೆ, ಕರೆಂಟು. ಆಮೇಲೆ, ತಪ್ಪಿದರೆ ಮನೆಯೋ ದುಡಿಯುವ ಸಾಧನವೋ ಹೋಗುವ ಸಾಲ: ಗೃಹಸಾಲ, ಡೆಲಿವರಿಗೆ ಓಡಿಸುವ ಬೈಕು, ಹರಾಜಿಗೆ ಬರಲಿರುವ ಒಡವೆ. ಖಾಲಿ ಚೆಕ್ ಕೊಟ್ಟಿರುವ ಸಾಲವೂ ಇದೇ ಸಾಲಿಗೆ ಸೇರುತ್ತದೆ, ಯಾಕೆಂದರೆ ಸಾಲ ತೀರಿಸಲಾಗದಿರುವುದು ಅಪರಾಧವಲ್ಲದಿದ್ದರೂ ಚೆಕ್ ಬೌನ್ಸ್ ಅಪರಾಧ. ನೋಟಿಸ್ ಬಂದ 15 ದಿನದೊಳಗೆ ಹಣ ಕೊಡದಿದ್ದರೆ ಕೇಸು ಹೂಡಲು ದಾರಿಯಾಗುತ್ತದೆ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ವಾಪಸಾದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯಲ್ಲಿ ಇಂಥದ್ದೇ ನಿಯಮವಿದೆ. ಆದ್ದರಿಂದ ನೋಟಿಸನ್ನು ಬಿಚ್ಚದೆ ಅಟ್ಟಕ್ಕೆ ಎಸೆಯುವುದು ಅತಿ ದುಬಾರಿಯ ತಪ್ಪು. ಕಾರ್ಡು, ಆ್ಯಪ್ ಸಾಲ, ಅಡಮಾನವಿಲ್ಲದ ಪರ್ಸನಲ್ ಲೋನ್ ಕೊನೆಗೆ ಬರುತ್ತವೆ. ಅವು ಎಷ್ಟೇ ಕೂಗಿದರೂ ಕೊನೆಗೇ. ಆದರೆ ಕಂತುಗಳೆಲ್ಲ ಕಟ್ಟಿದ ಮೇಲೆ ಕೈಯಲ್ಲಿ ಏನಾದರೂ ಮಿಕ್ಕರೆ, ಆ ಮಿಕ್ಕ ಹಣ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹೋಗಬೇಕು.

ಮನೆಯವರಿಗೆ ಹೇಳುವಾಗ ಪೂರ್ತಿ ಅಂಕಿಯನ್ನು ಒಂದೇ ಸಲ ಹೇಳಿ. ಭಯಕ್ಕೆ ಅರ್ಧ ಹೇಳಿ, ತಿಂಗಳ ನಂತರ ಇನ್ನಷ್ಟು ಹೊರಬಂದು, ಮತ್ತೊಂದು ತಿಂಗಳಿಗೆ ಮಿಕ್ಕದ್ದು ಹೊರಬಂದರೆ ದುಡ್ಡಿಗಿಂತ ಮೊದಲು ನಂಬಿಕೆ ದಿವಾಳಿಯಾಗುತ್ತದೆ. ಕೇಳುವವರಿಗೂ ಒಂದು ಮಾತು: ಆ ಗಳಿಗೆಯಲ್ಲಿ ‘ಯಾಕೆ ಮಾಡಿದೆ’ ಎಂಬ ಪ್ರಶ್ನೆಯನ್ನು ಒಂದು ವಾರ ಮುಂದೂಡಿ.

ವಸೂಲಿಯವರ ಗಡಿಯಾರ

ಎಷ್ಟೋ ಮನೆಗಳಲ್ಲಿ ಮನಸ್ಸನ್ನು ಮುರಿಯುವುದು ಸಾಲಕ್ಕಿಂತ ಹೆಚ್ಚಾಗಿ ವಸೂಲಿಯ ರೀತಿ. ಓಣಿಯವರ ಮುಂದೆ ಕೂಗಾಡುವುದು, ಸಂಘದ ಉಳಿದ ಹೆಂಗಸರನ್ನು ಕರೆತಂದು ಬಾಗಿಲಲ್ಲಿ ಕೂರಿಸುವುದು, ಫೋನಿನಲ್ಲಿರುವ ನಂಬರುಗಳಿಗೆಲ್ಲ ಮೆಸೇಜು ಕಳಿಸುವುದು. ಇವಕ್ಕೆ ನಿಯಮದಲ್ಲಿ ಗೆರೆ ಎಳೆದಿದ್ದಾರೆ. ಆ ಗೆರೆ ಎಲ್ಲಿದೆಯೆಂದು ಸಾಲಗಾರರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಮೈಕ್ರೋಫೈನಾನ್ಸ್ ಸಾಲದಲ್ಲಿ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸತತವಾಗಿ ಎರಡು ಅಥವಾ ಹೆಚ್ಚು ಸಲ ನೀವು ಅಲ್ಲಿಗೆ ಹೋಗದಿದ್ದಾಗ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಬರಬಹುದು. ಬೈಯುವುದು, ಬೆದರಿಸುವುದು, ನೆಂಟರಿಗೆ, ಸಹೋದ್ಯೋಗಿಗಳಿಗೆ ಕಿರುಕುಳ ಕೊಡುವುದು, ಸಾಲಗಾರರ ಹೆಸರು ಪ್ರಕಟಿಸುವುದು, ಕಟ್ಟದಿದ್ದರೆ ಏನಾಗುತ್ತದೆ ಎಂದು ಸುಳ್ಳು ಹೇಳುವುದು ಎಲ್ಲವೂ ನಿಷಿದ್ಧ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ಇತರ ಸಾಲಗಳಿಗೆ 2022ರ ಆಗಸ್ಟ್‌ನ ಸುತ್ತೋಲೆಯಂತೆ ಸಮಯ ಬೆಳಗ್ಗೆ 8ರಿಂದ ಸಂಜೆ 7. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ. ಮುಟ್ಟಲು ಅನುಮತಿ ಕೇಳುವ ಆ್ಯಪ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಬಂದ ಕಿರುಸಾಲ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಲೈಸೆನ್ಸ್, ನೋಂದಣಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ತೀರಿದಂತೆ ಎಂದೂ ಹೇಳಿತು. ಇದನ್ನು ‘ಸಂಘದ ಸಾಲ ಮನ್ನಾ’ ಎಂದು ಓದಿಕೊಂಡವರು ಕಂತು ನಿಲ್ಲಿಸಿ ಕ್ರೆಡಿಟ್ ವರದಿ ಕೆಡಿಸಿಕೊಳ್ಳುತ್ತಾರೆ. ಕಾನೂನುಬದ್ಧ ಸಂಸ್ಥೆಯ ಸಾಲ ಕಟ್ಟಲೇಬೇಕು. ಕಟ್ಟಿಸಿಕೊಳ್ಳುವ ರೀತಿಗಷ್ಟೇ ಕಾನೂನು ಕಡಿವಾಣ ಹಾಕಿದ್ದು.

ಕಿರುಕುಳವಾದಾಗ ಕರೆ ರೆಕಾರ್ಡ್ ಮಾಡಿ, ಮೆಸೇಜಿನ ಸ್ಕ್ರೀನ್‌ಶಾಟ್ ಇಡಿ, ತಾರೀಖು ಮತ್ತು ವೇಳೆ ಬರೆಯಿರಿ. ಮೊದಲು ಸಂಸ್ಥೆಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ), ಮಾಹಿತಿಗೆ 14448. ಆ್ಯಪ್‌ನವರು ಫೋಟೊ ತಿರುಚಿ ಬೆದರಿಸಿದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930 ಮತ್ತು ಪೊಲೀಸ್ ಠಾಣೆ. ವಕೀಲರ ಖರ್ಚಿಗೆ ಹೆದರಬೇಡಿ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ, ಸಹಾಯವಾಣಿ 15100. ಸೆಟಲ್‌ಮೆಂಟ್ (ಬಾಕಿಗಿಂತ ಕಡಿಮೆ ಹಣಕ್ಕೆ ಸಾಲ ಮುಗಿಸುವ ಒಪ್ಪಂದ) ಮಾತಾಡಿದರೆ ಮೊತ್ತ ಮತ್ತು ಷರತ್ತು ಸಂಸ್ಥೆಯ ಪತ್ರದಲ್ಲಿ ಬಂದ ಮೇಲೆಯೇ ಹಣ ಕಟ್ಟಿ, ಅದೂ ಸಂಸ್ಥೆಯ ಖಾತೆಗೆ. ಏಜೆಂಟನ ಸ್ವಂತ ಯುಪಿಐಗೆ ಹಾಕಿದ ಹಣ ಸಾಲಕ್ಕೆ ಜಮೆಯಾಗುವ ಖಾತರಿಯಿಲ್ಲ.

ಕಾಯಿಲೆಯೇ ಲೆಕ್ಕ ಕೆಡಿಸಿದಾಗ

ಇಲ್ಲಿಯವರೆಗೆ ಹೇಳಿದ್ದು ಸಾಲದಿಂದ ಮನಸ್ಸಿಗೆ ಬರುವ ದಾರಿ. ಎದುರು ದಾರಿಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇರುವುದನ್ನು ಕಂಡಿತು. ಕಡಿಮೆ ಆದಾಯದ ಮನೆಗಳಲ್ಲಿ ಅದು ಹೆಚ್ಚು. ಇವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಖಿನ್ನತೆಯಲ್ಲಿರುವವರು ಕಂತು ತಪ್ಪಿಸುವುದು ಹಣವಿಲ್ಲದೆ ಮಾತ್ರವಲ್ಲ. ಖಾತೆಯಲ್ಲಿ ದುಡ್ಡಿದ್ದರೂ ಆ್ಯಪ್ ತೆರೆದು ನಾಲ್ಕು ಅಂಕಿ ಒತ್ತುವುದೇ ಬೆಟ್ಟದಂತಾಗುತ್ತದೆ. ವಿಮೆಯ ಪ್ರೀಮಿಯಂ, ವಿದ್ಯುತ್ ಬಿಲ್ಲು, ಮಗುವಿನ ಶಾಲೆಯ ಫೀಸು ಎಲ್ಲಕ್ಕೂ ದಂಡ ಬೀಳುತ್ತದೆ. ‘ನಾನು ಯಾವುದಕ್ಕೂ ಬಾರದವನು’ ಎಂಬ ಭಾವನೆಗೆ ಆ ದಂಡದ ರಸೀದಿಯೇ ಸಾಕ್ಷಿಯಾಗಿಬಿಡುತ್ತದೆ. ಇಂಥವರಿಗೆ ಉಳಿತಾಯದ ಪಾಠ ಬೇಡ. ತಪ್ಪಬಾರದ ಮೂರು ಪಾವತಿಗಳನ್ನು ಸಂಬಳ ಬಂದ ಮರುದಿನವೇ ತಾನಾಗಿ ಹೋಗುವಂತೆ ಮಾಡಿ, ಉಳಿದ ಕಾಗದಗಳನ್ನು ಒಂದು ಚೀಲಕ್ಕೆ ತುಂಬಿ, ವಾರಕ್ಕೊಮ್ಮೆ ಅಕ್ಕನೋ ಭಾವನೋ ಜೊತೆ ಕೂತು ತೆರೆದರೆ ಸಾಕು.

ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ ಇದಕ್ಕೆ ಪೂರ್ತಿ ಎದುರು. ಮೂರು ಗಂಟೆ ನಿದ್ದೆಯಲ್ಲೇ ಹುರುಪು, ದಿನಕ್ಕೊಂದು ವ್ಯಾಪಾರದ ಯೋಜನೆ, ಕೇಳಿದವರಿಗೆಲ್ಲ ಜಾಮೀನು ಸಹಿ. ಹಂತ ಇಳಿದ ಮೇಲೆ ಉಳಿಯುವುದು ಸಾಲ ಮತ್ತು ನಾಚಿಕೆ. ಬೇಲಿಯನ್ನು ಆರೋಗ್ಯ ಚೆನ್ನಾಗಿರುವಾಗಲೇ, ಅವರ ಒಪ್ಪಿಗೆಯಿಂದಲೇ ಹಾಕಬೇಕು. ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನಿಲ್ಲಿಸಬಹುದು, ಮಿತಿಯನ್ನೂ ಇಳಿಸಬಹುದು. ಉಳಿತಾಯದ ದೊಡ್ಡ ಗಂಟನ್ನು ಇಬ್ಬರೂ ಸಹಿ ಹಾಕಲೇಬೇಕಾದ ಜಂಟಿ ಖಾತೆಯಲ್ಲಿಡಿ. ‘ಇಬ್ಬರಲ್ಲಿ ಯಾರಾದರೂ’ ಎಂಬ ಬಗೆಯ ಜಂಟಿ ಖಾತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ದಿನಬಳಕೆಗೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಇದೆ. ಅದರ ಭಾಗಶಃ ಅಧಿಕಾರದ ಬಗೆಯಲ್ಲಿ ಒಬ್ಬರು ಪಾವತಿ ಶುರುಮಾಡಿದರೆ ಖಾತೆದಾರರು ಒಪ್ಪಿದ ಮೇಲೆಯೇ ಹಣ ಹೋಗುತ್ತದೆ. ನಿದ್ದೆ ಸತತ ಎರಡು ರಾತ್ರಿ ಕಡಿಮೆಯಾದರೆ ವೈದ್ಯರಿಗೆ ಫೋನ್, ಅಲ್ಲಿಯವರೆಗೆ ದೊಡ್ಡ ಖರ್ಚಿಲ್ಲ ಎಂಬ ಮಾತನ್ನು ಇಬ್ಬರೂ ಬರೆದಿಟ್ಟುಕೊಳ್ಳಬಹುದು.

ಇಲ್ಲಿ ಮನೆಯವರು ದಾರಿ ತಪ್ಪುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೇಮಿಸುವ ನಾಮನಿರ್ದೇಶಿತ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗೆ ಸಂಬಂಧಿಸಿದ್ದು, ಬ್ಯಾಂಕ್ ಖಾತೆ ನಡೆಸಲು ಅದು ಬರುವುದಿಲ್ಲ. ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಪ್ಪಂದ ಮಾಡುವ ಹಕ್ಕೂ ಹೋಗುವುದಿಲ್ಲ. ಎಟಿಎಂ ಕಾರ್ಡು ಕಸಿದುಕೊಂಡು ‘ನಿನ್ನ ಒಳ್ಳೆಯದಕ್ಕೇ’ ಎನ್ನುವುದು ಕಾಯಿಲೆಯವರನ್ನು ಇನ್ನಷ್ಟು ಮುಚ್ಚಿಡುವಂತೆ ಮಾಡುತ್ತದೆ.

ಆನ್‌ಲೈನ್ ಜೂಜಿನ ಸಾಲ ಬೇರೆಯೇ ಬಗೆ. ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿತು. ಆ್ಯಪ್ ಹೋದರೂ ಚಟ ಉಳಿಯುತ್ತದೆ, ಸಾಲವೂ ಉಳಿಯುತ್ತದೆ. ಮನೆಯವರು ಸಾಲ ತೀರಿಸಿಬಿಟ್ಟರೆ ಮತ್ತೆ ಆಡಲು ಕೈ ಬಿಡುವಾದಂತೆ ಆಗಬಹುದು. ಆದ್ದರಿಂದ ಚಿಕಿತ್ಸೆ ಶುರುವಾದ ಮೇಲೆ, ಹಣವನ್ನು ನೇರವಾಗಿ ಸಾಲಕೊಟ್ಟವರಿಗೆ ಕಟ್ಟಿ. ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ಶಟ್ ಕ್ಲಿನಿಕ್ ಇದೆ.

ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ರುಚಿಸದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ ಸಾಲ ತೀರಲಿ ಎಂದು ಕಾಯಬೇಡಿ. ಮಾತ್ರೆ ಸಾಲ ತೀರಿಸುವುದಿಲ್ಲ ನಿಜ, ಆದರೆ ಬ್ಯಾಂಕಿಗೆ ಆ ಒಂದು ಫೋನ್ ಮಾಡುವ ಶಕ್ತಿಯನ್ನು ಮರಳಿ ಕೊಡುತ್ತದೆ. ಟೆಲಿ ಮಾನಸ್ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು. ‘ನಾನಿಲ್ಲದಿದ್ದರೆ ಎಲ್ಲ ಸರಿಹೋಗುತ್ತದೆ’ ಎಂಬ ಧಾಟಿಯ ಮಾತು ಯಾರ ಬಾಯಿಂದ ಬಂದರೂ ಅವರನ್ನು ಒಂಟಿಯಾಗಿ ಬಿಡಬೇಡಿ, ನೇರವಾಗಿ ಕೇಳಿ, ಮನೆಯಲ್ಲಿರುವ ಕೀಟನಾಶಕ ಮತ್ತು ಮಾತ್ರೆಗಳನ್ನು ಬೇರೆಯವರ ಸುಪರ್ದಿಗೆ ಕೊಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸಾಲ ಅವರ ಸಾವಿನಿಂದ ತೀರುವುದಿಲ್ಲ, ಉಳಿದವರ ತಲೆಮೇಲೆ ನೋವಿನ ಜೊತೆ ಬಂದು ಕೂರುತ್ತದೆ.

ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಮನಸ್ಸಿನ ಮಾತ್ರೆಗೆ. ಬಿಪಿ, ಶುಗರ್ ಮಾತ್ರೆ ತರುತ್ತಾರೆ, ಇದನ್ನು ‘ಈಗ ಚೆನ್ನಾಗಿದ್ದೀನಲ್ಲ’ ಎಂದು ಬಿಡುತ್ತಾರೆ. ಹಾಗೆ ದಿಢೀರನೆ ಬಿಟ್ಟು ಕಾಯಿಲೆ ಮರುಕಳಿಸಿದರೆ ಹೋಗುವ ಕೂಲಿಯ ದಿನಗಳ ಮುಂದೆ ಮಾತ್ರೆಯ ಖರ್ಚು ಏನೂ ಅಲ್ಲ. ಆ ಖರ್ಚೂ ಬೇಕಿಲ್ಲ. ಎಂಬತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಪ್ರಯೋಗದಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು. ಅದರಡಿ ಜಿಲ್ಲಾಸ್ಪತ್ರೆಯಲ್ಲಿ ಮಾತ್ರೆ ಉಚಿತ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಂಘದ ಸಭೆಯೂ ಮಂಗಳವಾರವೇ ಬಿದ್ದರೆ ಕಂತಿನ ಹಣವನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿ ರಸೀದಿ ತರಿಸಿಕೊಳ್ಳಿ, ನೀವು ಆಸ್ಪತ್ರೆಗೆ ಹೋಗಿ.